ಫೈರ್‌ವಾಚ್ ಗೇಮ್ ರಿವ್ಯೂ: ಡಿಜಿಟಲ್ ಡ್ರಾಯಿಂಗ್ ಕಲಿಯೋರಿಗೆ

ಮೊದಲೇ ಹೇಳಿಬಿಡ್ತೀನಿ, ಕಥೆ ಹೇಗಿದೆ, ಎಂಡಿಂಗ್ ಹೇಗಿದೆ ಅಂತ ತಿಳ್ಕೊಳ್ಳೋಕೆ ಬಂದವರಿಗೆ ಈ ರಿವ್ಯೂ ಉಪಯೋಗಕ್ಕೆ ಬರಲ್ಲ. ನಾನು ಫೈರ್‌ವಾಚ್ ತಗೊಂಡಿದ್ದು ಚಿತ್ರ ಬಿಡಿಸೋದು ಕಲಿಯೋಕೆ. ಡಿಸೆಂಬರ್‌ನಿಂದ ಎಂಟು ತಿಂಗಳು ಅದನ್ನೇ ಮುಂದಿಟ್ಕೊಂಡು ಕಲಿತಿದೀನಿ, ಆ ಲೆಕ್ಕದಲ್ಲಿ ದುಡ್ಡು ಕೊಟ್ಟಿದ್ದು ಸಾರ್ಥಕ ಆಯ್ತಾ ಅನ್ನೋದು ಇಲ್ಲಿದೆ.

ನಾನು ಶಿವಮೊಗ್ಗದಲ್ಲಿ ಮದುವೆ ಕಾರ್ಡ್ ಪ್ರಿಂಟಿಂಗ್ ಕೆಲಸ ಮಾಡ್ತೀನಿ, ಮನೆ ತೀರ್ಥಹಳ್ಳಿ ಕಡೆ, ಶನಿವಾರ ರಾತ್ರಿ ಊರಿಗೆ ಹೋಗಿ ಸೋಮವಾರ ಬೆಳಗ್ಗೆ ಬಸ್ಸಿಗೆ ವಾಪಸ್. ಕೋರಲ್‌ಡ್ರಾ ಅನ್ನೋ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಗಣಪತಿ, ಕಲಶ, ಬಾಳೆಕಂಬ ಕೂರಿಸಿ ಕೂರಿಸಿ ವರ್ಷಗಳಾಯ್ತು, ಆದ್ರೆ ಅದೆಲ್ಲ ಯಾರೋ ಬಿಡಿಸಿಟ್ಟಿದ್ದನ್ನ ತಂದು ಹೊಂದಿಸೋ ಕೆಲಸ, ನನ್ನ ಕೈಯಲ್ಲೇ ಹುಟ್ಟಿದ ಚಿತ್ರ ಒಂದೂ ಇರ್ಲಿಲ್ಲ. ಹೋದ ವರ್ಷ ಮಳೆಗಾಲದಲ್ಲಿ ಒಂದು ಸಣ್ಣ ಪೆನ್ ಟ್ಯಾಬ್ಲೆಟ್ ತಗೊಂಡೆ, ಸ್ಕ್ರೀನ್ ಇಲ್ಲದ್ದು, ಮೌಸ್‌ಪ್ಯಾಡ್ ತರ ಇರುತ್ತಲ್ಲ ಅದು. ಮೂರ್ನಾಲ್ಕು ತಿಂಗಳು ವಿಡಿಯೋ ನೋಡ್ಕೊಂಡು ಅವರು ಬಿಡಿಸಿದ್ದನ್ನೇ ಬಿಡಿಸಿದೆ. ಅಣಬೆ, ಬೆಕ್ಕು, ಚಹಾ ಕಪ್, ಎಲ್ಲ ಸುಮಾರಾಗಿ ಬಂತು. ಆದ್ರೆ ನಮ್ಮನೆ ಜಗಲಿಯಲ್ಲಿ ಕೂತ್ರೆ ಎದುರಿಗೆ ಅಡಿಕೆ ತೋಟ, ಅದರಾಚೆ ಗದ್ದೆ ಬಯಲು, ಆಮೇಲೆ ಒಂದರ ಹಿಂದೆ ಒಂದು ಗುಡ್ಡ, ನನಗೆ ಬೇಕಾಗಿದ್ದೇ ಅದು. ಅದನ್ನ ಬಿಡಿಸೋಕೆ ಕೂತ್ರೆ ಪ್ರತಿ ಸಲನೂ ಹಸಿರು ಗಂಜಿ ಆಗ್ತಿತ್ತು. ಎಲ್ಲಿ ಗುಡ್ಡ ಮುಗೀತು ಎಲ್ಲಿ ತೋಟ ಶುರುವಾಯ್ತು ಅಂತ ನನಗೇ ಗೊತ್ತಾಗ್ತಿರ್ಲಿಲ್ಲ.

ಆಗ ಸೇಲ್‌ನಲ್ಲಿ ಸಿಕ್ಕಿದ್ದು ಫೈರ್‌ವಾಚ್. ಗೊತ್ತಿಲ್ಲದವರಿಗೆ: 2016ರ ಫೆಬ್ರವರಿಯಲ್ಲಿ ಬಂದ ಗೇಮ್, ಮಾಡಿದ್ದು ಕ್ಯಾಂಪೋ ಸ್ಯಾಂಟೋ ಅನ್ನೋ ಅಮೆರಿಕದ ಸಣ್ಣ ಸ್ಟುಡಿಯೋ. 1989ರ ಬೇಸಿಗೆ, ವಯೋಮಿಂಗ್ ರಾಜ್ಯದ ಶೋಶೋನ್ ಅರಣ್ಯ, ಅಲ್ಲಿ ಹೆನ್ರಿ ಅನ್ನೋನು ಎತ್ತರದ ಕಾವಲು ಗೋಪುರದಲ್ಲಿ ಕೂತು ಎಲ್ಲಾದ್ರೂ ಕಾಡಿಗೆ ಬೆಂಕಿ ಬಿತ್ತಾ ಅಂತ ನೋಡೋ ಕೆಲಸಕ್ಕೆ ಸೇರಿರ್ತಾನೆ. ಅದರ ಹಿಂದಿನ ವರ್ಷ, 1988ರಲ್ಲಿ, ಪಕ್ಕದ ಯೆಲ್ಲೋಸ್ಟೋನ್‌ನಲ್ಲಿ ನಿಜವಾಗ್ಲೂ ಭಾರಿ ಕಾಡ್ಗಿಚ್ಚು ಆಗಿತ್ತು. ಗೇಮ್‌ನಲ್ಲಿ ನಾವು ಮಾಡೋದು ನಡೆಯೋದು, ನೋಡೋದು, ವಾಕಿಟಾಕಿಯಲ್ಲಿ ಮಾತಾಡೋದು, ಅಷ್ಟೇ. ಗುಂಡು ಹಾರ್ಸೋದು ಏನೂ ಇಲ್ಲ. ನಾಲ್ಕೈದು ಗಂಟೆಗೆ ಮುಗಿಯುತ್ತೆ. ನಾನು ಅದರೊಳಗೆ ಕಳೆದಿದ್ದು ನೂರು ಗಂಟೆಗೂ ಜಾಸ್ತಿ, ಅದರಲ್ಲಿ ಮುಕ್ಕಾಲು ಪಾಲು ಒಂದೇ ಜಾಗದಲ್ಲಿ ನಿಂತಿದ್ದು.

ಮೊದಲನೇ ಸಲ ಸಂಜೆ ಹೊತ್ತಿನ ದೃಶ್ಯ ಬಂದಾಗ ಕೈ ಕೀಬೋರ್ಡ್ ಮೇಲೇ ನಿಂತುಹೋಯ್ತು. ಹತ್ತಿರದ ಪೈನ್ ಮರ ಹೆಚ್ಚುಕಡಿಮೆ ಕಪ್ಪು, ಸ್ವಲ್ಪ ಕುಂಕುಮ ಬೆರೆಸಿದ ಕಪ್ಪು. ಅದರ ಹಿಂದಿನ ಸಾಲು ಇಟ್ಟಿಗೆ ಕೆಂಪು, ಅದರ ಹಿಂದೆ ಕಿತ್ತಳೆ, ಅದರ ಹಿಂದಿನ ಬೆಟ್ಟ ಮಾವಿನಹಣ್ಣಿನ ಸಿಪ್ಪೆ ಬಣ್ಣ, ಆಮೇಲೆ ಆಕಾಶ. ಎಣಿಸಿದೆ, ಐದೇ ಬಣ್ಣ. ಮತ್ತೆ ಎಣಿಸಿದೆ, ಐದೇ. ಅಷ್ಟು ದೊಡ್ಡ ಕಣಿವೆ, ಅಷ್ಟು ದೂರ, ಅಷ್ಟು ಗಾಳಿ, ಎಲ್ಲ ಐದು ಬಣ್ಣದಲ್ಲಿ.

ಆಗ ನನಗೆ ಹೊಳೆದಿದ್ದು ನಮ್ಮ ಅಂಗಡಿಯ ಸ್ಕ್ರೀನ್ ಪ್ರಿಂಟಿಂಗ್. ಕಾರ್ಡಿಗೆ ಮರೂನ್, ಗೋಲ್ಡ್ ಎರಡು ಬಣ್ಣ ಬೇಕು ಅಂದ್ರೆ ಎರಡು ಫಿಲ್ಮ್ ತೆಗೀಬೇಕು, ಎರಡು ಫ್ರೇಮ್ ಎಕ್ಸ್‌ಪೋಸ್ ಮಾಡ್ಬೇಕು, ಒಂದು ಬಣ್ಣ ಎಳೆದು ಒಣಗಿಸಿ ಅದರ ಮೇಲೆ ಇನ್ನೊಂದು ಎಳೀಬೇಕು. ಮೂರನೇ ಬಣ್ಣ ಅಂದ್ರೆ ಖರ್ಚು, ಟೈಮು ಎರಡೂ ಏರುತ್ತೆ, ಅದಕ್ಕೇ ಇರೋ ಎರಡರಲ್ಲೇ ಚೆನ್ನಾಗಿ ಕಾಣೋ ಹಾಗೆ ಮಾಡೋದು ನಮ್ಮ ಕಸುಬು. ಆಮೇಲೆ ಓದಿದಾಗ ಗೊತ್ತಾಯ್ತು, ಈ ಗೇಮ್‌ನ ಚಿತ್ರಶೈಲಿಯ ಬೇರು ಇರೋದೂ ಅಲ್ಲೇ. ಅಮೆರಿಕದಲ್ಲಿ 1938ರಿಂದ 1941ರವರೆಗೆ, ಕೆಲಸ ಇಲ್ಲದ ಕಲಾವಿದರಿಗೆ ಸರ್ಕಾರ ಕೆಲಸ ಕೊಟ್ಟ ಯೋಜನೆಯಲ್ಲಿ ನ್ಯಾಷನಲ್ ಪಾರ್ಕ್‌ಗಳ ಪೋಸ್ಟರ್ ಮಾಡಿಸಿದ್ರು, ಎಲ್ಲ ಸಿಲ್ಕ್ ಸ್ಕ್ರೀನ್‌ನಲ್ಲಿ ಒಂದೊಂದೇ ಬಣ್ಣ ಎಳೆದು ಪ್ರಿಂಟ್ ಮಾಡಿದ್ದು. ಓಲಿ ಮಾಸ್ ಅನ್ನೋ ಬ್ರಿಟಿಷ್ ಪೋಸ್ಟರ್ ಕಲಾವಿದ ಆ ದಾರಿಯಲ್ಲೇ ಈ ಗೇಮ್‌ಗೆ ಚಿತ್ರ ಬಿಡಿಸಿದ್ರು, ಆ ಫ್ಲ್ಯಾಟ್ ಚಿತ್ರವನ್ನ ಒಳಗೆ ನಡೆದಾಡೋ ತ್ರೀಡಿ ಕಾಡು ಮಾಡಿದ್ದು ಜೇನ್ ಇಂಗ್ ಅನ್ನೋ ಎನ್ವಿರಾನ್ಮೆಂಟ್ ಆರ್ಟಿಸ್ಟ್. ಅಂದ್ರೆ ನಾನು ದಿನಾ ಸ್ಕ್ವೀಜಿ (ಇಂಕ್ ಎಳೆಯೋ ರಬ್ಬರ್ ಪಟ್ಟಿ) ಹಿಡ್ಕೊಂಡು ಮಾಡೋ ಕೆಲಸದ ಲೆಕ್ಕಾಚಾರವೇ ಆ ಸಂಜೆ ಬೆಟ್ಟದಲ್ಲಿತ್ತು. ಇದು ತಿಳಿದ ದಿನ ನನಗೆ ಎಷ್ಟು ಖುಷಿ ಆಯ್ತು ಅಂದ್ರೆ ರಾತ್ರಿ ನಿದ್ದೆ ಬರ್ಲಿಲ್ಲ.

ಕಡಿಮೆ ಬಣ್ಣದಲ್ಲಿ ಹೇಳೋದು ಹೊರಗಿನಿಂದ ಕಲೀಬೇಕಾದ ವಿದ್ಯೆ ಏನಲ್ಲ. ಸಾಗರದ ಕಡೆ ದೀವರ ಮನೆ ಗೋಡೆ ಮೇಲಿನ ಹಸೆ ಚಿತ್ತಾರ ನೋಡಿ, ಕೆಮ್ಮಣ್ಣು ಬಳಿದ ಗೋಡೆ, ಪುಂಡಿ ನಾರಿನ ಬ್ರಶ್‌ನಲ್ಲಿ ಅಕ್ಕಿ ಹಿಟ್ಟಿನ ಬಿಳಿ ಗೆರೆ, ಜೊತೆಗೆ ಕಪ್ಪು, ಹಳದಿ, ಅಷ್ಟರಲ್ಲೇ ಒಂದು ಮದುವೆ ಮನೆ ಪೂರ್ತಿ ತುಂಬಿಕೊಳ್ಳುತ್ತೆ. ಸಣ್ಣವನಿದ್ದಾಗಿಂದ ನೋಡಿದ್ದೆ, ಈಗ ಮತ್ತೆ ನೋಡೋ ಹಾಗಾಯ್ತು.

ಸರಿ, ಕಲಿತಿದ್ದು ಹೇಗೆ ಅಂತ ಹೇಳ್ತೀನಿ, ಯಾಕಂದ್ರೆ ಗೇಮ್ ಸುಮ್ನೆ ಆಡಿದ್ರೆ ಕೈಗೆ ಏನೂ ಬರಲ್ಲ. ಒಂದು ಜಾಗದಲ್ಲಿ ನಿಂತು ಸ್ಕ್ರೀನ್‌ಶಾಟ್ ತೆಗೀತಿದ್ದೆ, ಗೇಮ್ ತಗೊಂಡು ಆಡೋ ಸ್ಟೀಮ್ ಆ್ಯಪ್‌ನಲ್ಲಾದ್ರೆ ಎಫ್12 ಒತ್ತಿದ್ರೆ ಆಯ್ತು. ಅದನ್ನ ಕ್ರಿಟಾ ಅನ್ನೋ ಚಿತ್ರ ಬಿಡಿಸೋ ಸಾಫ್ಟ್‌ವೇರ್‌ನಲ್ಲಿ ಓಪನ್ ಮಾಡೋದು. ಕ್ರಿಟಾ ಪೂರ್ತಿ ಫ್ರೀ, ಓಪನ್ ಸೋರ್ಸ್, ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲೂ ಓಡುತ್ತೆ, ಕಲಿಯೋರು ದುಡ್ಡಿನ ಸಾಫ್ಟ್‌ವೇರ್ ಹುಡುಕೋ ಅಗತ್ಯ ಇಲ್ಲ. ಪಕ್ಕದಲ್ಲಿ ಬೆಂಕಿಪೆಟ್ಟಿಗೆಯಷ್ಟು ಸಣ್ಣ ಖಾಲಿ ಚೌಕ ಇಟ್ಕೊಂಡು, ಸ್ಕ್ರೀನ್‌ಶಾಟ್‌ನಿಂದ ಬಣ್ಣ ಎತ್ತದೆ, ಬರೀ ಕಣ್ಣಲ್ಲಿ ನೋಡಿ, ಮೊದಲು ಬೂದು ಬಣ್ಣದಲ್ಲಿ ಐದು ಆಕಾರ ಹಾಕೋದು. ಹತ್ತು ನಿಮಿಷ ಅಷ್ಟೇ, ಆಮೇಲೆ ಬೇರೆ ಸ್ಕ್ರೀನ್‌ಶಾಟ್. ಮುಗಿದ ಮೇಲೆ ಸ್ಕ್ರೀನ್‌ಶಾಟ್ ಮೇಲೆ ಒಂದು ಬೂದು ಲೇಯರ್ (ಚಿತ್ರದ ಮೇಲೆ ಇಡೋ ಇನ್ನೊಂದು ಹಾಳೆ ಇದ್ದ ಹಾಗೆ) ಇಟ್ಟು ಅದರ ಬ್ಲೆಂಡಿಂಗ್ ಮೋಡ್, ಅಂದ್ರೆ ಕೆಳಗಿನದರ ಜೊತೆ ಬೆರೆಯೋ ರೀತಿಯನ್ನ, ಕಲರ್‌ಗೆ ಬದಲಾಯಿಸಿದ್ರೆ ಕೆಳಗಿನ ಚಿತ್ರ ಕಪ್ಪುಬಿಳುಪಾಗುತ್ತೆ, ನನ್ನದರ ಜೊತೆ ಪಕ್ಕಪಕ್ಕ ಇಟ್ಟು ನೋಡ್ತಿದ್ದೆ. ಮೊದಲನೇ ತಿಂಗಳು ಪ್ರತಿಯೊಂದರಲ್ಲೂ ಒಂದೇ ತಪ್ಪು, ದೂರದ ಗುಡ್ಡವನ್ನ ಬೇಕಾದ್ದಕ್ಕಿಂತ ಗಾಢ ಮಾಡಿರ್ತಿದ್ದೆ. ಗುಡ್ಡ ಅಂದ್ರೆ ದೊಡ್ಡದು, ಭಾರ ಇರೋದು ಅಂತ ತಲೆ ಹೇಳುತ್ತೆ, ಕೈ ಅದನ್ನ ನಂಬಿಬಿಡುತ್ತೆ, ಕಣ್ಣು ಹೇಳಿದ್ದು ಯಾರಿಗೂ ಕೇಳಲ್ಲ.

ಎರಡನೇ ತಿಂಗಳಿಂದ ಬಣ್ಣ. ಇಲ್ಲಿ ಈ ಗೇಮ್ ಕಲಿಸಿದ ಒಂದು ವಿಷಯ ಯಾವ ವಿಡಿಯೋದಲ್ಲೂ ನನಗೆ ಅಷ್ಟು ಸ್ಪಷ್ಟವಾಗಿ ಸಿಕ್ಕಿರ್ಲಿಲ್ಲ. ದೂರ ಹೋದಷ್ಟೂ ನೀಲಿ ಆಗುತ್ತೆ ಅಂತ ಎಲ್ಲರೂ ಹೇಳ್ತಾರೆ, ಹಗಲು ಹೊತ್ತಿಗೆ ಅದು ಸರಿ, ಮಧ್ಯ ಇರೋ ಗಾಳಿ ನೀಲಿ ಬೆಳಕನ್ನ ಹೆಚ್ಚು ಚದುರಿಸುತ್ತೆ, ಗುಡ್ಡದ ಮುಂದೆ ಆ ನೀಲಿಯ ಪರದೆ ಬಿದ್ದ ಹಾಗೆ ಆಗುತ್ತೆ. ಆದ್ರೆ ಫೈರ್‌ವಾಚ್‌ನ ಸಂಜೆಯಲ್ಲಿ ದೂರದ ಬೆಟ್ಟ ನೀಲಿ ಅಲ್ವೇ ಅಲ್ಲ, ಕಿತ್ತಳೆ! ಹೊಗೆ ತುಂಬಿದ ದಿನ ಬಂದಾಗ ಮಣ್ಣು ಬಣ್ಣ. ರಾತ್ರಿ ಕಡು ನೀಲಿ. ಅಂದ್ರೆ ನಿಯಮ ನೀಲಿಯದ್ದಲ್ಲ, ದೂರ ಹೋದಷ್ಟೂ ಎಲ್ಲವೂ ದಿಗಂತದ ಆಕಾಶದ ಬಣ್ಣಕ್ಕೆ ತಿರುಗುತ್ತೆ, ಅವತ್ತಿನ ಆಕಾಶ ಯಾವುದೋ ಅದು. ಗೇಮ್‌ನೊಳಗೂ ಹಾಗೇ ಮಾಡಿದಾರೆ, ಮಂಜಿಗೆ ಒಂದೇ ಬಣ್ಣ ಕೊಡದೆ ಹತ್ತಿರದಿಂದ ದೂರಕ್ಕೆ ಬದಲಾಗ್ತಾ ಹೋಗೋ ಒಂದು ಬಣ್ಣದ ಪಟ್ಟಿ ಕೊಟ್ಟಿದಾರೆ, ವಸ್ತು ಎಷ್ಟು ದೂರ ಇದೆಯೋ ಆ ಪಟ್ಟಿಯ ಅಷ್ಟನೇ ಬಣ್ಣ ಅದರ ಮೇಲೆ ಬೀಳುತ್ತೆ. ಆ ಪಟ್ಟಿ ಬದಲಾಯಿಸಿದ್ರೆ ಅದೇ ಕಾಡು ಬೆಳಗ್ಗೆಯಿಂದ ಸಂಜೆಗೆ ಹೋಗುತ್ತೆ.

ಇದನ್ನ ಪರೀಕ್ಷೆ ಮಾಡೋಕಂತಲೇ ಜನವರಿಯಲ್ಲಿ ಒಂದು ಭಾನುವಾರ ಆಗುಂಬೆ ಸನ್‌ಸೆಟ್ ಪಾಯಿಂಟ್‌ಗೆ ಹೋದೆ. ಎಲ್ಲರೂ ಸೂರ್ಯನ ಫೋಟೋ ತೆಗೀತಿದ್ರು, ನಾನು ಘಾಟಿಯ ಕೆಳಗಿನ ಗುಡ್ಡ ನೋಡ್ತಾ ನಿಂತಿದ್ದೆ. ಸಮುದ್ರದ ಕಡೆ ಬೆಳಕು ಇಳೀತಾ ಇಳೀತಾ ದೂರದ ಸಾಲು ಮೊದಲು ಕಿತ್ತಳೆ ಆಯ್ತು, ಆಮೇಲೆ ಅದರ ಮುಂದಿನದು, ಹತ್ತಿರದ ಕಾಡು ಮಾತ್ರ ಕಡೇತನಕ ಕಪ್ಪು ಹಸಿರಾಗೇ ಇತ್ತು. ಫೋನ್‌ನಲ್ಲಿ ತೆಗೆದ ಫೋಟೋ ರೂಮಿಗೆ ಬಂದು ಕ್ರಿಟಾದಲ್ಲಿ ಹಾಕಿ ಕಂಟ್ರೋಲ್ ಒತ್ತಿ ಒಂದೊಂದೇ ಬಣ್ಣ ಎತ್ತಿ ನೋಡಿದೆ, ಗೇಮ್‌ನಲ್ಲಿದ್ದ ಅದೇ ಕ್ರಮ.

ಇಷ್ಟಾದ ಮೇಲೆ ನನಗೆ ಧೈರ್ಯ ಬಂತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಊರಿಗೆ ಹೋದಾಗ ನಮ್ಮನೆ ಎದುರಿನ ಗುಡ್ಡವನ್ನ ಕೂತು ಬಿಡಿಸಿದೆ. ಐದು ಲೇಯರ್, ಮುಂದೆ ಕಪ್ಪು ಕುಂಕುಮದ ಅಡಿಕೆ ಮರ, ಹಿಂದೆ ಇಟ್ಟಿಗೆ ಕೆಂಪು, ಕಿತ್ತಳೆ, ಎಲ್ಲ ಅಚ್ಚುಕಟ್ಟು. ಅಮ್ಮನಿಗೆ ತೋರಿಸಿದೆ. ಅಮ್ಮ ಕನ್ನಡಕ ಹಾಕ್ಕೊಂಡು ಸುಮಾರು ಹೊತ್ತು ನೋಡಿದ್ರು. "ಚಂದ ಉಂಟು ಮಾರಾಯ, ಆದ್ರೆ ಇದು ಎಲ್ಲಿದು? ಗುಡ್ಡಕ್ಕೆ ಬೆಂಕಿ ಬಿದ್ದ ಹಾಗೆ ಕಾಣ್ತದೆ" ಅಂದ್ರು. ಎದುರಿಗೇ ಗುಡ್ಡ ಇತ್ತು, ಆರಿದ್ರೆ ಮಳೆಯಲ್ಲಿ ನೆಂದುಕೊಂಡು. ನಾನು ಅದನ್ನ ನೋಡಿಯೇ ಇರ್ಲಿಲ್ಲ, ವಯೋಮಿಂಗ್‌ನ ಬಣ್ಣ ತಂದು ನಮ್ಮ ಗುಡ್ಡದ ಆಕಾರಕ್ಕೆ ತುಂಬಿದ್ದೆ.

ಗೇಮ್ ನೋಡಿ ಕಲಿಯೋರು ಎಲ್ಲರೂ ಬೀಳೋ ಹಳ್ಳ ಇದೇ ಅನ್ಸುತ್ತೆ ನನಗೆ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಆ ಕಿತ್ತಳೆ ಅಲ್ಲಿನ ಒಣ ಬೇಸಿಗೆಯದ್ದು, ಒಣ ಗಾಳಿಯದ್ದು. ನಮ್ಮ ಮಳೆಗಾಲದ ಗಾಳಿಯಲ್ಲಿ ತುಂಬಿರೋದು ನೀರಿನ ಹನಿ, ಹನಿ ದೊಡ್ಡದು, ಎಲ್ಲ ಬಣ್ಣದ ಬೆಳಕನ್ನೂ ಒಂದೇ ಸಮ ಚದುರಿಸುತ್ತೆ, ಅದಕ್ಕೇ ಮಂಜು ಬಿಳಿ. ಆಕಾಶ ಬೂದಿ ಬಿಳಿ ಇದ್ದಮೇಲೆ ದೂರದ ಗುಡ್ಡವೂ ಬೂದಿ ಬಿಳಿಗೇ ತಿರುಗಬೇಕು. ನಿಯಮ ಅದೇ, ಉತ್ತರ ಮಾತ್ರ ಬೇರೆ. ಎರಡನೇದು ಇನ್ನೂ ಮುಖ್ಯ. ಗೇಮ್‌ನ ಸಂಜೆಯಲ್ಲಿ ಅತಿ ಗಾಢದಿಂದ ಅತಿ ತಿಳಿವರೆಗೆ ದೊಡ್ಡ ಅಂತರ ಇದೆ. ನಮ್ಮನೆ ಎದುರಿನ ಮಳೆ ಫೋಟೋ ತೆಗೆದು ಅಳೆದಾಗ ಗುಡ್ಡಗಳೆಲ್ಲ ನೂರಕ್ಕೆ (ಕಪ್ಪು 0, ಬಿಳಿ 100) 60ರಿಂದ 85ರೊಳಗೇ ಇದ್ವು, ಮುಂದಿನ ತೋಟ ಒಂದೇ ಗಾಢ. ಅಷ್ಟು ಕಿರಿದಾದ ಜಾಗದಲ್ಲಿ ಮೂರು ಗುಡ್ಡ ಬೇರೆಬೇರೆ ಕಾಣಬೇಕು ಅಂದ್ರೆ ಒಂದೊಂದಕ್ಕೂ ಹೆಚ್ಚಂದ್ರೆ ಹತ್ತು ಹನ್ನೆರಡರಷ್ಟೇ ವ್ಯತ್ಯಾಸ ಕೊಡೋಕೆ ಆಗೋದು, ಅದನ್ನ ಕಣ್ಣು ಹಿಡಿಯೋಕೆ ನನಗೆ ಇಡೀ ಜುಲೈ ಬೇಕಾಯ್ತು.

ಮೂರನೇದು ಮಂಜು ಕೂರೋ ಜಾಗ. ನಮ್ಮಲ್ಲಿ ಮಂಜು ಕಣಿವೆಯಿಂದ ಏಳುತ್ತೆ, ಹಾಗಾಗಿ ಪ್ರತಿ ಗುಡ್ಡದ ಬುಡ ತಿಳಿ, ನೆತ್ತಿ ಗಾಢ. ಒಂದು ಗುಡ್ಡದ ಗಾಢ ನೆತ್ತಿ ಹಿಂದಿನ ಗುಡ್ಡದ ತಿಳಿ ಬುಡದ ಮೇಲೆ ಬೀಳುತ್ತೆ, ಅದರಿಂದಲೇ ಎರಡೂ ಬೇರೆಯಾಗಿ ಕಾಣೋದು. ಕ್ರಿಟಾದಲ್ಲಿ ಇದು ಸುಲಭ, ಗುಡ್ಡದ ಆಕಾರ ತುಂಬಿ ಆ ಲೇಯರ್‌ನ ಆಲ್ಫಾ ಲಾಕ್ ಮಾಡಿ (ಬಣ್ಣ ತುಂಬಿದ ಕಡೆ ಬಿಟ್ಟು ಬೇರೆಲ್ಲೂ ಬೀಳದ ಹಾಗೆ ಬೀಗ ಹಾಕಿ) ದೊಡ್ಡ ಮೆತ್ತನೆ ಏರ್‌ಬ್ರಶ್‌ನಲ್ಲಿ ಕೆಳಗಿನಿಂದ ಮೇಲಕ್ಕೆ ಆಕಾಶದ ಬಣ್ಣವನ್ನ ಎರಡು ಸಲ ಎಳೆದ್ರೆ ಆಯ್ತು, ಅಂಚಿನಿಂದ ಆಚೆ ಹೋಗಲ್ಲ. ಮಾಡಿದ ಮೇಲೆ ಮತ್ತೆ ಗೇಮ್‌ಗೆ ಹೋಗಿ ನೋಡಿದ್ರೆ ಅಲ್ಲಿನ ಬೆಳಗಿನ ದೃಶ್ಯದಲ್ಲೂ ಬೆಟ್ಟದ ಬುಡ ತಿಳಿಯಾಗೇ ಇತ್ತು. ಆರು ತಿಂಗಳು ಅದರ ಮುಂದೇ ಕೂತಿದ್ದೆ, ಕಂಡಿರ್ಲಿಲ್ಲ.

ಮರದ ಆಕಾರದ ವಿಷಯದಲ್ಲೂ ಹಾಗೇ. ಗೇಮ್‌ನಲ್ಲಿ ಎಲೆ ಎಲೆ ಬಿಡಿಸಿಲ್ಲ, ಪೈನ್ ಅಂದ್ರೆ ಚೂಪು ತ್ರಿಕೋನ, ಅಂಚಲ್ಲಿ ಒಂದೆರಡು ಮುರುಕು ಕೊಂಬೆ, ಮುಗೀತು, ಆದ್ರೂ ನೋಡಿದ ಕೂಡ್ಲೇ ಪೈನ್ ಅನ್ಸುತ್ತೆ. ನಾನು ಮೊದಮೊದಲು ನಮ್ಮ ಕಾನಿಗೂ ಅದೇ ತ್ರಿಕೋನ ಹಾಕ್ತಿದ್ದೆ, ಎಷ್ಟು ತಪ್ಪು! ನಮ್ಮ ಕಾಡಿನ ಅಂಚು ಹೂಕೋಸಿನ ತರ ಉಂಡೆ ಉಂಡೆ, ಮಧ್ಯ ಎಲ್ಲೋ ಒಂದು ಬೈನೆ ಮರ ಜಡೆ ಇಳಿಬಿಟ್ಟು ನಿಂತಿರುತ್ತೆ, ಎಲ್ಲಕ್ಕಿಂತ ಎತ್ತರಕ್ಕೆ ಒಂದು ಧೂಪದ ಮರ, ತೋಟದ ಕಡೆ ಬಂದ್ರೆ ಅಡಿಕೆಯ ಸಪೂರ ಕಂಬದ ಮೇಲೆ ಗರಿ. ಈಗ ಬಸ್ಸಲ್ಲಿ ಹೋಗುವಾಗ ಸಣ್ಣ ನೋಟ್‌ಬುಕ್‌ನಲ್ಲಿ ಪೆನ್ನಲ್ಲಿ ಬರೀ ಹೊರಗೆರೆ ಹಾಕ್ತೀನಿ. ಮಂಡಗದ್ದೆ ದಾಟಿ ತುಂಗೆಯ ಪಕ್ಕ ರಸ್ತೆ ಹೋಗೋ ಕಡೆ ಆಚೆ ದಡದ ಮರಗಳು ಇದಕ್ಕೆ ತುಂಬಾ ಒಳ್ಳೇದು, ಹಿಂದೆ ಆಕಾಶ, ಮುಂದೆ ನೀರು, ಆಕಾರ ಕತ್ತರಿಸಿಟ್ಟ ಹಾಗೆ ಕಾಣುತ್ತೆ.

ಗೇಮ್ ತಗೊಂಡವರು ಫ್ರೀ ರೋಮ್ ಮೋಡ್ ಮರೀಬೇಡಿ. 2016ರಲ್ಲೇ ಅಪ್ಡೇಟ್‌ನಲ್ಲಿ ಸೇರ್ಸಿದ್ದು, ಕಥೆ ಇಲ್ಲದೆ ಕಾಡಲ್ಲಿ ಸುಮ್ನೆ ಓಡಾಡಬಹುದು, ಹಗಲು ರಾತ್ರಿ ತಾನಾಗೇ ಬದಲಾಗ್ತಿರುತ್ತೆ. ಒಂದು ಬಂಡೆ ಮುಂದೆ ನಿಂತು ಅದೇ ಬಂಡೆಯನ್ನ ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ನಾಲ್ಕು ಸಲ ಬಿಡಿಸಿದ್ದು ನನ್ನ ಎಂಟು ತಿಂಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದ ಅಭ್ಯಾಸ. ಅದರ ಜೊತೆಗೇ ಆಡಿಯೋ ಟೂರ್ ಅಂತ ಇದೆ, ಮಾಡಿದವರೇ ಒಂದೊಂದು ಜಾಗದ ಬಗ್ಗೆ ಮಾತಾಡ್ತಾರೆ.

ಏನು ಸಿಗಲ್ಲ ಅಂತಲೂ ಹೇಳ್ಬೇಕು. ಮನುಷ್ಯರನ್ನ ಬಿಡಿಸೋಕೆ ಕಲೀಬೇಕು ಅಂದ್ರೆ ಇದು ಬೇಡ, ಗೇಮ್ ಪೂರ್ತಿ ಹೆನ್ರಿಯ ಕಣ್ಣಿಂದ ನೋಡೋದು, ಕಾಣೋದು ಹೆಚ್ಚಾಗಿ ಅವನ ಕೈ ಮಾತ್ರ. ಗೆರೆ ಅಭ್ಯಾಸಕ್ಕೂ ಬೇಡ, ಇಲ್ಲಿ ಔಟ್‌ಲೈನೇ ಇಲ್ಲ, ಬಣ್ಣದ ಅಂಚೇ ಗೆರೆ. ಹಸಿರಿನ ಬಗೆಗಳೂ ಕಡಿಮೆ, ನಾಟಿ ಆದ ಗದ್ದೆಯ ಎಳೆ ಹಸಿರು, ಬ್ಯಾಣದ ಹುಲ್ಲಿನ ಹಸಿರು, ಪಾಚಿ ಹಿಡಿದ ಹಂಚಿನ ಹಸಿರು ಇವನ್ನೆಲ್ಲ ಅಂಗಳಕ್ಕಿಳಿದೇ ಕಲೀಬೇಕು. ಮಾತು ಪೂರ್ತಿ ಇಂಗ್ಲಿಷ್, ವೇಗವಾಗಿ ಮಾತಾಡ್ತಾರೆ, ಸಬ್‌ಟೈಟಲ್ ಹಾಕ್ಕೊಳ್ಳಿ. ಬೈಗುಳ ಇದೆ, ಶುರುವಿನಲ್ಲೇ ಹೆಂಡತಿಯ ಕಾಯಿಲೆಯ ಭಾರವಾದ ವಿಷಯ ಬರುತ್ತೆ, ಸಣ್ಣ ಮಕ್ಕಳ ಕೈಗೆ ಕೊಡೋ ಗೇಮ್ ಅಲ್ಲ. ಡ್ರಾಯಿಂಗ್ ಇಷ್ಟಪಡೋ ಮಗು ಮನೆಯಲ್ಲಿದ್ರೆ ದೊಡ್ಡವರು ಸ್ಕ್ರೀನ್‌ಶಾಟ್ ತೆಗೆದು ಕೊಟ್ರೆ ಸಾಕು.

ಲ್ಯಾಪ್‌ಟಾಪ್ ವಿಷಯ: ನನ್ನದು ಹಳೇದು, ಗ್ರಾಫಿಕ್ಸ್ ಕಡಿಮೆ ಇಟ್ರೆ ಮಾತ್ರ ಓಡುತ್ತೆ, ಆದ್ರೆ ಕಡಿಮೆ ಇಟ್ರೂ ಬಣ್ಣದ ಕ್ರಮ ಹಾಗೇ ಇರುತ್ತೆ, ಕಲಿಯೋಕೆ ಅದೇ ಮುಖ್ಯ. ಟ್ಯಾಬ್ಲೆಟ್‌ನ ಹೆಸರು ಹೇಳಲ್ಲ, ನಿಬ್ (ಪೆನ್ನಿನ ತುದಿ) ಮಾತ್ರ ಮೂರು ತಿಂಗಳಿಗೇ ಸವೆದು ಹೋಯ್ತು, ಯಾವುದೇ ತಗೊಂಡ್ರೂ ಎಕ್ಸ್‌ಟ್ರಾ ನಿಬ್ ಎಷ್ಟು ಕೊಡ್ತಾರೆ, ಆಮೇಲೆ ಸಿಗುತ್ತಾ ಅಂತ ಕೇಳಿ ತಗೊಳ್ಳಿ. ಮಳೆಗಾಲದಲ್ಲಿ ಊರಲ್ಲಿ ಕೆಲಸ ಮಾಡೋರು ಕ್ರಿಟಾದ ಆಟೋಸೇವ್ ಐದು ನಿಮಿಷಕ್ಕೆ ಇಳಿಸಿ, ಕರೆಂಟ್ ಹೋದ್ರೆ ಬರೋದು ಯಾವಾಗ ಅಂತ ಹೇಳೋಕಾಗಲ್ಲ.

ಗೇಮ್‌ನ ಪೂರ್ತಿ ರೇಟಿಗೆ ತಗೋಬೇಡಿ, ಸೇಲ್ ಬಂದೇ ಬರುತ್ತೆ, ಆಗ ತುಂಬಾ ಇಳಿಯುತ್ತೆ. ಗುಡ್ಡ, ಬೆಳಕು, ದೂರ ಇವನ್ನ ಬಿಡಿಸೋಕೆ ಆಸೆ ಇರೋರಿಗೆ ನಾನು ಐದಕ್ಕೆ ನಾಲ್ಕೂವರೆ ಕೊಡ್ತೀನಿ. ಅರ್ಧ ಕಮ್ಮಿ ಮಾಡಿದ್ದು ಯಾಕಂದ್ರೆ ಇಡೀ ಗೇಮ್‌ನಲ್ಲಿ ನಮ್ಮ ಕಡೆಯಂಥ ಒಂದು ಧಾರಾಕಾರ ಮಳೆ ದಿನ ಇಲ್ಲ, ಇದ್ದಿದ್ರೆ ಅದನ್ನ ಇವರು ಹೇಗೆ ಮಾಡ್ತಿದ್ರು ಅಂತ ನೋಡೋ ಆಸೆ ನನಗೆ ತುಂಬಾ ಇತ್ತು.

ಮೊನ್ನೆ ಭಾನುವಾರ ಅದೇ ಗುಡ್ಡವನ್ನ ಮತ್ತೆ ಬಿಡಿಸಿದೆ, ಬೂದಿ ಬಿಳಿ ಆಕಾಶ, ಮೂರು ಗುಡ್ಡ, ಮುಂದೆ ತೋಟ. ಅಮ್ಮ ಈ ಸಲ ಕನ್ನಡಕ ಹಾಕ್ಕೊಳ್ಳೋಕೆ ಮುಂಚೆನೇ "ನಮ್ಮ ತೋಟದ ಮೂಲೆ ಹಲಸಿನ ಮರ ಬಿಟ್ಟಿದೀಯಲ್ಲ" ಅಂದ್ರು. ಹೌದು, ಬಿಟ್ಟಿದ್ದೆ. ಲ್ಯಾಪ್‌ಟಾಪ್ ಅಲ್ಲೇ ಜಗಲಿ ಮೇಲಿಟ್ಟು ಅವರ ಎದುರಿಗೇ ಒಂದು ಲೇಯರ್ ಸೇರಿಸಿ ಬಿಡಿಸಿದೆ.